ನಗ್ಗು, ಪುಟ್ಟಿ, ಬಣ್ಣ: ಕಾರಿನ ಮೈ ರಿಪೇರಿಯ ಕಸುಬು ಮತ್ತು ರಸ್ತೆಬದಿಯ ಮೋಸದ ಚರಿತ್ರೆ

ಕಾರಿನ ಮೈ ರಿಪೇರಿ, ಅಂದರೆ ಡಿಕ್ಕಿಯಲ್ಲಿ ನಗ್ಗಿದ ತಗಡನ್ನು ಮೊದಲಿನ ಆಕಾರಕ್ಕೆ ತಂದು ಬಣ್ಣ ಹೊಡೆದು ಕೊಡುವ ಕೆಲಸ, ಇಂಜಿನ್ ರಿಪೇರಿಗಿಂತ ಒಂದು ಮುಖ್ಯ ವಿಷಯದಲ್ಲಿ ಬೇರೆಯಾದುದು. ಇಂಜಿನ್ನಿನ ಕೆಲಸ ಕೆಟ್ಟಿದ್ದರೆ ಕಾರು ದಾರಿಯಲ್ಲಿ ನಿಂತು ಅದನ್ನು ತಾನೇ ಸಾರುತ್ತದೆ. ಮೈಯ ಕೆಲಸದಲ್ಲಾದರೆ ಒಳಗೆ ನಡೆದುದನ್ನೆಲ್ಲ ಮೇಲಿನ ಬಣ್ಣವೇ ಮುಚ್ಚಿಬಿಡುವುದರಿಂದ, ತಗಡನ್ನು ಬಡಿದು ನೇರ ಮಾಡಿದ ಕೆಲಸವೂ ಗುಂಡಿಗೆ ಏನನ್ನೋ ಮೆತ್ತಿ ನುಣುಪು ಮಾಡಿದ ಕೆಲಸವೂ ಹಣ ಕೊಡುವ ಹೊತ್ತಿಗೆ ಒಂದೇ ತೆರನಾಗಿ ಹೊಳೆಯುತ್ತವೆ. ಈ ಕಸುಬಿಗೆ ಅಂಟಿಕೊಂಡು ಬಂದ ಮೋಸಗಳೆಲ್ಲ ಹುಟ್ಟಿದ್ದು ಈ ಮರೆಯಲ್ಲಿಯೇ. ಅವುಗಳ ಪೈಕಿ ಅತ್ಯಂತ ಸರಳವಾದುದೂ ಹತ್ತಿಕ್ಕಲು ಅತ್ಯಂತ ಕಷ್ಟವಾದುದೂ ಆದದ್ದು ರಸ್ತೆಬದಿಯ ಮೋಸ: ಅಂಗಡಿಯ ಮುಂದೆ ನಿಂತ ಕಾರಿನ ನಗ್ಗನ್ನು ಕಂಡ ಅಪರಿಚಿತನೊಬ್ಬ ಅದನ್ನು ಅಲ್ಲಿಯೇ ಅಗ್ಗದಲ್ಲಿ ತೆಗೆದುಕೊಡುವೆನೆಂದು ಒಪ್ಪಿಸಿ, ಕೆಲಸ ಕೆಡಿಸಿ, ನಗದು ಪಡೆದು ಕಾಣೆಯಾಗುವುದು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ವಿಶೇಷವಾಗಿ ಕ್ಯಾಲಿಫೋರ್ನಿಯಾದಲ್ಲಿ, ಈ ಮೋಸದ ಹಿನ್ನೆಲೆಯನ್ನೂ ಅದರ ವಿರುದ್ಧ ರೂಪುಗೊಂಡ ಕಾನೂನನ್ನೂ ಸ್ಪಷ್ಟವಾಗಿ ಗುರುತಿಸಬಹುದು. ಆ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ಎರಡು ಧಾರೆಗಳು ಕಾಣುತ್ತವೆ. ತಂತ್ರಜ್ಞಾನ ಬೆಳೆದಂತೆಲ್ಲ ಮೈ ರಿಪೇರಿ ಅಗ್ಗವೂ ಶೀಘ್ರವೂ ಆಗಿ, ಅದರ ಜೊತೆಗೆ ಗ್ರಾಹಕನ ಕಣ್ಣಿಗೆ ಒಳಗಿನ ಸ್ಥಿತಿ ಹೆಚ್ಚು ಹೆಚ್ಚು ಮರೆಯಾದದ್ದು ಒಂದು ಧಾರೆ. ಕಣ್ಣಿಗೆ ಮರೆಯಾದುದನ್ನು ಬರೆಹದಲ್ಲಿ, ಅಂದರೆ ಅಂದಾಜು ಪಟ್ಟಿ, ಸಹಿ, ರಸೀದಿ, ನೋಂದಣಿ ಇವುಗಳ ಮೂಲಕ, ಹಿಡಿದಿಡಲು ಸಮಾಜ ಯತ್ನಿಸಿದ್ದು ಇನ್ನೊಂದು ಧಾರೆ.

ಸಾರೋಟಿನ ಕಾರ್ಖಾನೆಯಿಂದ ಉಕ್ಕಿನ ತಗಡಿಗೆ

ಮೊದಲ ಕಾರುಗಳ ಮೈಯನ್ನು ಕಟ್ಟಿದವರು ಕುದುರೆ ಸಾರೋಟುಗಳನ್ನು ಕಟ್ಟುತ್ತಿದ್ದ ಬಡಗಿಗಳು ಮತ್ತು ತಗಡಿನ ಕೆಲಸಗಾರರು. ಗಟ್ಟಿ ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ಹಲಗೆಯನ್ನೋ ತಗಡನ್ನೋ ಹೊದಿಸಿ, ವಾರ್ನಿಷನ್ನು ಪದರದ ಮೇಲೆ ಪದರವಾಗಿ ಹಚ್ಚಿ, ಪ್ರತಿ ಪದರವೂ ಒಣಗುವವರೆಗೆ ಕಾದು, ಉಜ್ಜಿ, ಮತ್ತೆ ಹಚ್ಚುವ ಆ ಪದ್ಧತಿಯಲ್ಲಿ ಒಂದು ವಾಹನದ ಬಣ್ಣದ ಕೆಲಸ ಮುಗಿಯಲು ಹಲವು ವಾರಗಳು ಬೇಕಾಗುತ್ತಿದ್ದವು. ರಿಪೇರಿಗೂ ಅಷ್ಟೇ ಕಾಲ ಹಿಡಿಯುತ್ತಿತ್ತು. ಕೆಲಸ ನಡೆಯುವ ಕಾರ್ಖಾನೆ ಊರಿನವರಿಗೆಲ್ಲ ಗೊತ್ತಿರುತ್ತಿತ್ತು, ಮಾಲೀಕ ನಡುನಡುವೆ ಹೋಗಿ ನೋಡಿಬರಬಹುದಿತ್ತು. ಕೆಲಸ ನಿಧಾನವಾಗಿದ್ದುದೇ ಗ್ರಾಹಕನಿಗೆ ಒಂದು ರಕ್ಷಣೆಯಾಗಿತ್ತು ಎಂಬುದು ಆ ನಿಧಾನ ಹೋದ ಮೇಲೆ ತಿಳಿದ ಸಂಗತಿ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಈ ವ್ಯವಸ್ಥೆ ಬೇಗ ಬೇಗ ಕರಗಿತು. ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಅವರ ಕಾರ್ಖಾನೆ ಡಾಜ್ ಕಾರುಗಳಿಗಾಗಿ ಉಕ್ಕಿನ ಮೈಗಳನ್ನು ಅಚ್ಚೊತ್ತಿ ಬೆಸೆಯುವ ವಿಧಾನವನ್ನು ಬಳಕೆಗೆ ತಂದಿತು. 1923ರಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅಂದರೆ ಸಿಂಪಡಿಸಿದ ಕೆಲಹೊತ್ತಿನಲ್ಲಿಯೇ ಒಣಗುವ ಬಣ್ಣ, ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳ ಮೇಲೆ ಕಾಣಿಸಿಕೊಂಡು, ವಾರಗಳ ಕೆಲಸವನ್ನು ದಿನಗಳಿಗೂ ಮುಂದೆ ಗಂಟೆಗಳಿಗೂ ಇಳಿಸಿತು. ಈ ಬಣ್ಣವನ್ನು ಸ್ಪ್ರೇ ಗನ್ನಿನಿಂದ ಹೊಡೆಯಬಹುದಾಗಿದ್ದುದರಿಂದ, ಒಂದು ಕಂಪ್ರೆಸರ್ ಇದ್ದ ಸಣ್ಣ ಗ್ಯಾರೇಜು ಕೂಡ ಬಣ್ಣದ ಕೆಲಸಕ್ಕೆ ಕೈಹಾಕುವುದು ಸಾಧ್ಯವಾಯಿತು.

ಇದೇ ಹೊತ್ತಿನಲ್ಲಿ ಕಾರುಗಳ ಸಂಖ್ಯೆಯೂ ಹೆಚ್ಚಿತು. 1920ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸುಮಾರು 80 ಲಕ್ಷ ಪ್ರಯಾಣಿಕ ಕಾರುಗಳಿದ್ದರೆ 1929ರ ವೇಳೆಗೆ ಅವು 2 ಕೋಟಿ 30 ಲಕ್ಷದಷ್ಟಾದವು. ಇಷ್ಟೊಂದು ವಾಹನಗಳಿಗೆ ಬೇಕಾದ ರಿಪೇರಿಗಾರರಲ್ಲಿ ಬಹುಮಂದಿ ಕಮ್ಮಾರಸಾಲೆ, ಕುದುರೆಲಾಯ, ಸೈಕಲ್ ಅಂಗಡಿಗಳಿಂದ ಬಂದವರು. ಅವರಲ್ಲಿ ನುರಿತವರೂ ಪ್ರಾಮಾಣಿಕರೂ ಬೇಕಾದಷ್ಟಿದ್ದರೂ, ಈ ಕಸುಬಿಗೆ ಸಂಘದ ಕಟ್ಟುಪಾಡಾಗಲಿ ಸರ್ಕಾರದ ಪರವಾನಗಿಯಾಗಲಿ ಆಗ ಇರಲಿಲ್ಲ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬ ಹಳೆಯ ವ್ಯಾಪಾರದ ನ್ಯಾಯ ಇಲ್ಲಿಯೂ ನಡೆಯುತ್ತಿತ್ತು, ಆದರೆ ಕುದುರೆಯ ಹಲ್ಲು ನೋಡಿ ವಯಸ್ಸು ಹೇಳಬಲ್ಲ ರೈತನಿಗೆ ಬಣ್ಣದ ಕೆಳಗಿನ ಉಕ್ಕನ್ನು ನೋಡಿ ಹೇಳುವ ಉಪಾಯವಿರಲಿಲ್ಲ.

ಸೀಸದಿಂದ ಪುಟ್ಟಿಗೆ

ನಗ್ಗಿದ ಉಕ್ಕಿನ ತಗಡನ್ನು ಸರಿಪಡಿಸುವ ಮೂಲ ವಿಧಾನ ಸುತ್ತಿಗೆ ಮತ್ತು ಡಾಲಿಯದು. ಡಾಲಿ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ, ಬೇರೆ ಬೇರೆ ಬಾಗುಗಳುಳ್ಳ ಉಕ್ಕಿನ ಗಟ್ಟಿ. ಅದನ್ನು ತಗಡಿನ ಹಿಂಬದಿಗೆ ಒತ್ತಿಹಿಡಿದು ಮುಂಬದಿಯಿಂದ ಸುತ್ತಿಗೆಯಲ್ಲಿ ಹದವಾಗಿ ಬಡಿದರೆ ಹಿಗ್ಗಿದ ಲೋಹ ಮೆಲ್ಲಗೆ ತನ್ನ ಸ್ಥಾನಕ್ಕೆ ಮರಳುತ್ತದೆ. ಎಷ್ಟೇ ನುರಿತ ಕೈಯಾದರೂ ಸಣ್ಣ ತಗ್ಗುಗಳು ಉಳಿಯುವುದು ಸಹಜವಾದುದರಿಂದ, ಅವನ್ನು ತುಂಬಲು ಸೀಸ ಮತ್ತು ತವರದ ಮಿಶ್ರಲೋಹವನ್ನು ಬಳಸುತ್ತಿದ್ದರು. ತಗಡನ್ನು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಪಾತ್ರೆಗೆ ಕಲಾಯಿ ಹಾಕುವಂತೆ ಅದರ ಮೇಲೆ ತವರದ ತೆಳುಪದರವನ್ನು ಹತ್ತಿಸಿ, ಸುಮಾರು 70 ಭಾಗ ಸೀಸಕ್ಕೆ 30 ಭಾಗ ತವರ ಸೇರಿದ ಕಡ್ಡಿಯನ್ನು ಗ್ಯಾಸ್ ಜ್ವಾಲೆಯಲ್ಲಿ ಬೆಣ್ಣೆಯ ಹದಕ್ಕೆ ಮೆತ್ತಗಾಗಿಸಿ, ಮರದ ಪಟ್ಟಿಯಿಂದ ಹರಡಿ, ಆರಿದ ಮೇಲೆ ಬಾಗಿದ ಹಲ್ಲಿನ ಅರದಿಂದ ಉಜ್ಜುವುದು ಈ ಕೆಲಸದ ಕ್ರಮ. ಶಾಖ ಸ್ವಲ್ಪ ಕಡಿಮೆಯಾದರೆ ಸೀಸ ಹತ್ತುವುದಿಲ್ಲ, ಸ್ವಲ್ಪ ಹೆಚ್ಚಾದರೆ ಹರಿದು ನೆಲಕ್ಕೆ ಬೀಳುತ್ತದೆ ಅಥವಾ ತಗಡೇ ಸೊಟ್ಟಗಾಗುತ್ತದೆ. ಆದುದರಿಂದ ವರ್ಷಗಟ್ಟಲೆ ಪಳಗದವನು ಇದನ್ನು ಮಾಡಲಾರ, ಮಾಡಿದಂತೆ ನಟಿಸಲೂ ಆರ. ಸೀಸದ ಧೂಳು ಕೆಲಸಗಾರನ ಆರೋಗ್ಯಕ್ಕೆ ವಿಷವಾಗಿತ್ತು ಎಂಬ ದೊಡ್ಡ ದೋಷವೊಂದನ್ನು ಬಿಟ್ಟರೆ, ಈ ವಿಧಾನ ಕಸುಬಿನ ಬಾಗಿಲಲ್ಲಿ ನಿಂತ ಕಾವಲಿನಂತಿತ್ತು.

1950ರ ದಶಕದ ನಡುವಿನಲ್ಲಿ ಆ ಕಾವಲು ಹೋಯಿತು. ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಪುಡಿಯನ್ನು ಬೆರೆಸಿ ತಯಾರಿಸಿದ ಪುಟ್ಟಿ, ಅಮೆರಿಕದಲ್ಲಿ ಬಾಂಡೋ ಎಂಬ ವ್ಯಾಪಾರನಾಮದಿಂದ ಮನೆಮಾತಾದ ವಸ್ತು, ಸೀಸದ ಜಾಗವನ್ನು ಆಕ್ರಮಿಸಿತು. ಮುದ್ದೆಯಂತಿರುವ ಈ ಪುಟ್ಟಿಗೆ ಬೆಂಜಾಯಿಲ್ ಪೆರಾಕ್ಸೈಡ್ ಸೇರಿದ ಗಟ್ಟಿಗೊಳಿಸುವ ಪೇಸ್ಟನ್ನು ಸ್ವಲ್ಪ ಕಲಸಿದರೆ, ಹದಿನೈದಿಪ್ಪತ್ತು ನಿಮಿಷಗಳಲ್ಲಿ ಅದು ತಾನೇ ಬಿಸಿಯೇರಿ ಕಲ್ಲಿನಂತಾಗುತ್ತದೆ. ಜ್ವಾಲೆ ಬೇಡ, ಕಲಾಯಿ ಬೇಡ, ವರ್ಷಗಳ ಅಭ್ಯಾಸವೂ ಬೇಡ. ಸರಿಯಾಗಿ ಬಳಸಿದರೆ ಇದು ಒಳ್ಳೆಯ ವಸ್ತುವೇ: ತಗಡನ್ನು ಮೊದಲು ಬಡಿದು ಹತ್ತಿರ ಹತ್ತಿರ ಸಮಮಾಡಿ, ಕೊನೆಯ ಕೆಲವು ಮಿಲಿಮೀಟರುಗಳ ತಗ್ಗನ್ನು ಮಾತ್ರ ಪುಟ್ಟಿಯಿಂದ ತುಂಬಿ, ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಕೊಟ್ಟರೆ ಆ ಕೆಲಸ ವರ್ಷಾನುಗಟ್ಟಲೆ ನಿಲ್ಲುತ್ತದೆ. ಆದರೆ ಬಡಿಯುವ ಶ್ರಮವನ್ನೇ ಬಿಟ್ಟು ಬೆರಳು ದಪ್ಪದ ಪುಟ್ಟಿಯನ್ನು ಗುಂಡಿಗೆ ತುಂಬುವುದು ಅದಕ್ಕಿಂತ ಎಷ್ಟೋ ಸುಲಭ. ಬಿಸಿಲಿಗೆ ಉಕ್ಕು ಹಿಗ್ಗುವ ಪ್ರಮಾಣಕ್ಕೂ ಪುಟ್ಟಿ ಹಿಗ್ಗುವ ಪ್ರಮಾಣಕ್ಕೂ ವ್ಯತ್ಯಾಸವಿರುವುದರಿಂದ ದಪ್ಪ ಪುಟ್ಟಿ ಕಾಲಕ್ರಮದಲ್ಲಿ ಬಿರುಕುಬಿಟ್ಟು, ಬಿರುಕಿನಲ್ಲಿ ನೀರಿಳಿದು, ತಗಡು ತುಕ್ಕು ಹಿಡಿದು, ಕೊನೆಗೆ ಹೆಕ್ಕಳಿಕೆಯಾಗಿ ಏಳುತ್ತದೆ. ಅಷ್ಟು ಹೊತ್ತಿಗೆ ಬಿಲ್ಲು ಕಳೆದುಹೋಗಿರುತ್ತದೆ, ಕಾರು ಎರಡನೆಯ ಮಾಲೀಕನ ಕೈ ಸೇರಿರುವುದೂ ಉಂಟು.

ಮರೆ ಇನ್ನಷ್ಟು ದಟ್ಟವಾದದ್ದು ಕಾರಿನ ರಚನೆಯೇ ಬದಲಾದಾಗ. ಮೊದಲಿನ ಕಾರುಗಳಲ್ಲಿ ಉಕ್ಕಿನ ಚಾಸಿಯ ಮೇಲೆ ಮೈಯನ್ನು ಬೋಲ್ಟುಗಳಿಂದ ಕೂರಿಸುತ್ತಿದ್ದರು. ಚಾಸಿಯನ್ನೇ ಬಿಟ್ಟು ಮೈಯ ತಗಡುಗಳೇ ಒಟ್ಟಾಗಿ ಭಾರ ಹೊರುವಂತೆ ಕಟ್ಟುವ ಏಕಕಾಯ ರಚನೆ, ಅಂದರೆ ಮೊನೊಕಾಕ್, 1922ರ ಲ್ಯಾನ್ಸಿಯಾ ಲ್ಯಾಂಬ್ಡಾ, 1934ರ ಸಿಟ್ರೊಯೆನ್ ಟ್ರ್ಯಾಕ್ಷನ್ ಅವಾಂ, ಅಮೆರಿಕದಲ್ಲಿ 1941ರ ನ್ಯಾಶ್ 600 ಮೊದಲಾದ ಕಾರುಗಳಲ್ಲಿ ಬಂದು, 1980ರ ದಶಕದ ಹೊತ್ತಿಗೆ ಪ್ರಯಾಣಿಕ ಕಾರುಗಳಲ್ಲಿ ಸಾಮಾನ್ಯ ಪದ್ಧತಿಯಾಯಿತು. ಇಂಥ ಕಾರಿನಲ್ಲಿ ಹೊರಗಿನ ನಗ್ಗಿನ ಹಿಂದೆ ಇರುವ ಮಡಿಕೆ, ಬೆಸುಗೆ, ತೊಲೆಗಳು ಮುಂದಿನ ಅಪಘಾತದಲ್ಲಿ ಒಳಗಿನವರ ಪ್ರಾಣ ಉಳಿಸಬೇಕಾದ ಅಂಗಗಳು. ಅವುಗಳ ರಿಪೇರಿಯಲ್ಲಿ ಮೋಸವಾದರೆ ಹೋಗುವುದು ಹಣವೊಂದೇ ಅಲ್ಲ ಎಂಬುದನ್ನು ಗಮನಿಸಬೇಕು.

1941ರ ಪರೀಕ್ಷೆಯಿಂದ 1971ರ ಕಾನೂನಿಗೆ

ರಿಪೇರಿಯ ಮೋಸ ಕೆಲವು ಕೆಟ್ಟವರ ಕೆಲಸ ಮಾತ್ರವೇ ಅಥವಾ ಕಸುಬಿನ ವ್ಯಾಪಕ ರೋಗವೇ ಎಂಬ ಪ್ರಶ್ನೆಗೆ ಎಣಿಕೆಯ ಉತ್ತರ ಕೊಟ್ಟದ್ದು ಒಂದು ಮಾಸಪತ್ರಿಕೆ. 1941ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ ರೋಜರ್ ವಿಲಿಯಂ ರೀಸ್ ಮತ್ತು ಜಾನ್ ಪ್ಯಾಟ್ರಿಕ್ ಅವರ ಪರೀಕ್ಷೆಯ ಫಲವನ್ನು ಪ್ರಕಟಿಸಿತು. ಗಂಡಸೂ ಹೆಂಗಸೂ ಸೇರಿದ ತಂಡವೊಂದು ಕಾರಿನ ಇಂಜಿನ್ನಿಗೆ ಕಿಡಿ ಒದಗಿಸುವ ಕಾಯಿಲ್‌ನ ಒಂದು ತಂತಿಯನ್ನು ಬೇಕೆಂದೇ ಕಳಚಿ, ಆಗಿದ್ದ 48 ರಾಜ್ಯಗಳ 347 ಗ್ಯಾರೇಜುಗಳಿಗೆ ಒಯ್ದು ತೋರಿಸಿತ್ತು. ಕಂಡಕೂಡಲೇ ತಿಳಿಯುವ, ಸಿಕ್ಕಿಸಿದರೆ ಮುಗಿಯುವ ಈ ದೋಷಕ್ಕೆ 129 ಗ್ಯಾರೇಜುಗಳು ಪುಕ್ಕಟೆಯಾಗಿಯೋ ಅಲ್ಪ ಹಣಕ್ಕೋ ಪರಿಹಾರ ಕೊಟ್ಟರೆ, ಉಳಿದ 218, ಅಂದರೆ ನೂರಕ್ಕೆ 63ರಷ್ಟು, ಹೆಚ್ಚು ಹಣ ಕಿತ್ತವು, ಬೇಡದ ಕೆಲಸ ಮಾಡಿದವು ಅಥವಾ ಮಾಡದ ಕೆಲಸಕ್ಕೆ ಬಿಲ್ಲು ಬರೆದವು. ಈ ಪರೀಕ್ಷೆ ಇಂಜಿನ್ನಿಗೆ ಸಂಬಂಧಿಸಿದ್ದಾದರೂ ಅದರಿಂದ ಸಿಕ್ಕ ತಿಳಿವಳಿಕೆ ಇಡೀ ಕಸುಬಿಗೆ ಅನ್ವಯಿಸುವಂಥದು: ಗ್ರಾಹಕನಿಗೆ ವಿಷಯ ತಿಳಿಯದು ಎಂಬುದು ರಿಪೇರಿಗಾರನಿಗೆ ತಿಳಿದಿದ್ದರೆ ಸಾಮಾನ್ಯ ಮನುಷ್ಯನೂ ದಾರಿ ತಪ್ಪುತ್ತಾನೆ.

ಮರುವರ್ಷವೇ ಯುದ್ಧದ ಕಾರಣದಿಂದ ನಾಗರಿಕ ಕಾರುಗಳ ತಯಾರಿಕೆ ನಿಂತುಹೋಗಿ, 1945ರವರೆಗೆ ಜನ ಹಳೆಯ ಕಾರುಗಳನ್ನೇ ರಿಪೇರಿ ಮಾಡಿಸಿಕೊಂಡು ಓಡಿಸಬೇಕಾಯಿತು. ಯುದ್ಧಾನಂತರ ಉಪನಗರಗಳು ಬೆಳೆದು, 1956ರ ಕಾಯಿದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಹರಡಿ, ಸಾವಿರಾರು ಕಾರುಗಳು ಒಟ್ಟಿಗೆ ನಿಲ್ಲುವ ಅಂಗಡಿ ಸಂಕೀರ್ಣಗಳು ಎದ್ದವು. ಒಂದರ ಪಕ್ಕ ಒಂದು ನಿಂತ ಕಾರುಗಳ ಬಾಗಿಲುಗಳು ತಗಲಿ, ಹಿಂದಕ್ಕೆ ತೆಗೆಯುವಾಗ ಬಂಪರುಗಳು ಉಜ್ಜಿ, ಸಣ್ಣ ನಗ್ಗು ಎಂಬುದು ಕಾರಿದ್ದವರ ನಿತ್ಯದ ತಲೆನೋವಾಯಿತು.

1968ರ ಡಿಸೆಂಬರಿನಲ್ಲಿ ಮಿಷಿಗನ್ನಿನ ಸೆನೆಟರ್ ಫಿಲಿಪ್ ಹಾರ್ಟ್ ಅವರ ಅಧ್ಯಕ್ಷತೆಯ ಸೆನೆಟ್ ಉಪಸಮಿತಿ ಕಾರು ರಿಪೇರಿ ಉದ್ಯಮದ ಬಗೆಗೆ ಬಹಿರಂಗ ವಿಚಾರಣೆಗಳನ್ನು ಆರಂಭಿಸಿತು. ಜನ ರಿಪೇರಿಗೆ ಸುರಿಯುವ ಹಣದಲ್ಲಿ ಸುಮಾರು ಮೂರನೆಯ ಒಂದು ಭಾಗ ಬೇಡದ, ಕೆಟ್ಟ ಅಥವಾ ಮಾಡದೆಯೇ ಬಿಟ್ಟ ಕೆಲಸಕ್ಕೆ ಹೋಗುತ್ತಿದೆ ಎಂಬುದು ಹಾರ್ಟ್ ಅವರ ಅಂದಾಜಾಗಿತ್ತು. ನಡಿಗೆಯ ವೇಗಕ್ಕಿಂತ ತುಸು ಹೆಚ್ಚಿನ ವೇಗದ ಡಿಕ್ಕಿಯೂ ದೊಡ್ಡ ಬಿಲ್ಲಿಗೆ ಕಾರಣವಾಗುವಷ್ಟು ಬಂಪರುಗಳು ದುರ್ಬಲವಾಗಿವೆ ಎಂಬುದೂ ಆ ವಿಚಾರಣೆಗಳಲ್ಲಿ ಎದ್ದುಕಂಡು, 1973ರ ಮಾದರಿಯ ಕಾರುಗಳಿಂದ ಮುಂಬದಿಯ ಬಂಪರು ಗಂಟೆಗೆ 5 ಮೈಲಿ ವೇಗದ ಡಿಕ್ಕಿಯನ್ನು ತಾಳಬೇಕೆಂಬ ನಿಯಮ ಜಾರಿಗೆ ಬಂದಿತು. 1982ರಲ್ಲಿ ಆ ಮಿತಿಯನ್ನು ಎರಡೂವರೆ ಮೈಲಿಗೆ ಇಳಿಸಲಾಯಿತು.

ವಿದ್ವಾಂಸರೂ ಇದೇ ಕಾಲದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು ಸರಕು ಸೇವೆಗಳ ಗುಣಗಳಲ್ಲಿ ಹೊಸದೊಂದು ಬಗೆಯನ್ನು ಗುರುತಿಸಿದರು. ಕೆಲವು ಗುಣಗಳು ಕೊಳ್ಳುವ ಮೊದಲೇ ತಿಳಿಯುತ್ತವೆ, ಕೆಲವು ಬಳಸಿದ ಮೇಲೆ ತಿಳಿಯುತ್ತವೆ, ಆದರೆ ಇನ್ನು ಕೆಲವು ಬಳಸಿದ ಮೇಲೂ ಸಾಮಾನ್ಯ ಗ್ರಾಹಕನಿಗೆ ಸುಲಭವಾಗಿ ತಿಳಿಯುವುದಿಲ್ಲ. ನಂಬಿಕೆಯ ಮೇಲೆಯೇ ನಿಂತಿರುವ ಈ ಕೊನೆಯ ಬಗೆಗೆ ಅವರು ಬಳಸಿದ ಮುಖ್ಯ ಉದಾಹರಣೆಗಳಲ್ಲಿ ರಿಪೇರಿಯೂ ಒಂದು. ದೋಷ ಏನೆಂದು ಹೇಳುವವನೂ ಅದನ್ನು ಸರಿಪಡಿಸಿ ಹಣ ಪಡೆಯುವವನೂ ಒಬ್ಬನೇ ಆಗಿರುವಲ್ಲಿ ಪೈಪೋಟಿಯೊಂದರಿಂದಲೇ ಮೋಸ ಅಳಿಯುವುದಿಲ್ಲ ಎಂಬುದು ಅವರ ವಿಶ್ಲೇಷಣೆಯ ಸಾರ.

ಕ್ಯಾಲಿಫೋರ್ನಿಯಾ ರಾಜ್ಯ ಅದಕ್ಕೂ ಮುನ್ನವೇ ಹೆಜ್ಜೆ ಇಟ್ಟಿತ್ತು. ಆಂಟನಿ ಬೈಲೆನ್ಸನ್ ಅವರು ಮಂಡಿಸಿದ ಮಸೂದೆಯಿಂದ 1971ರಲ್ಲಿ ಆಟೊಮೋಟಿವ್ ರಿಪೇರ್ ಆ್ಯಕ್ಟ್ ಎಂಬ ಕಾಯಿದೆ ರೂಪುಗೊಂಡು, ಅದನ್ನು ಜಾರಿಗೊಳಿಸಲು ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್ ಎಂಬ ಇಲಾಖೆ ಸ್ಥಾಪನೆಯಾಯಿತು. ಹಣಕ್ಕಾಗಿ ಕಾರು ರಿಪೇರಿ ಮಾಡುವ ವ್ಯಾಪಾರಿ ರಾಜ್ಯದಲ್ಲಿ ನೋಂದಾಯಿಸಿಕೊಳ್ಳಬೇಕು, ಕೆಲಸಕ್ಕೆ ಮೊದಲು ಅಂದಾಜು ಪಟ್ಟಿಯನ್ನು ಬರೆದುಕೊಡಬೇಕು, ಗ್ರಾಹಕನ ಒಪ್ಪಿಗೆಯಿಲ್ಲದೆ ಅದನ್ನು ಮೀರಕೂಡದು, ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿದರೆ ಹಿಂದಿರುಗಿಸಬೇಕು, ಕೊನೆಯಲ್ಲಿ ವಿವರವಾದ ಬಿಲ್ಲು ಕೊಡಬೇಕು ಎಂಬುವು ಈ ಕಾಯಿದೆಯ ತಿರುಳು. ಮಿಷಿಗನ್ ರಾಜ್ಯ 1974ರಲ್ಲಿ ಇಂಥದೇ ಕಾಯಿದೆಯನ್ನು ತಂದು ಮೆಕ್ಯಾನಿಕ್‌ಗಳ ಪ್ರಮಾಣೀಕರಣವನ್ನೂ ಅದಕ್ಕೆ ಸೇರಿಸಿತು.

ಈ ನಿಯಮಗಳು ಮೇಲ್ನೋಟಕ್ಕೆ ಗುಮಾಸ್ತಿಕೆಯ ಕೆಲಸದಂತೆ ಕಂಡರೂ ಅವುಗಳ ಹಿಂದೆ ಆಳವಾದ ವಿವೇಕವಿದೆ. ಬಣ್ಣದ ಕೆಳಗೆ ಏನಿದೆ ಎಂಬುದನ್ನು ಗ್ರಾಹಕ ನೋಡಲಾರ; ಆದರೆ ಏನಿರಬೇಕೆಂದು ಮೊದಲೇ ಬರೆಸಿಕೊಳ್ಳಬಲ್ಲ, ಮುಂದೆಂದಾದರೂ ಬಣ್ಣ ಕೆರೆದು ನೋಡಬೇಕಾಗಿ ಬಂದಾಗ ಆ ಬರೆಹವನ್ನು ಮುಂದಿಡಬಲ್ಲ. ಹೊಸ ಬಾಗಿಲು ಹಾಕಿದ್ದೇನೆಂದು ಬಿಲ್ಲಿನಲ್ಲಿ ಬರೆದವನ ಸುಳ್ಳು, ಹಳೆಯ ಬಾಗಿಲನ್ನು ತೋರಿಸೆಂದು ಕೇಳಿದ ಕೂಡಲೇ ಹೊರಬೀಳುತ್ತದೆ. ಇಲಾಖೆ ಗುರುತು ಹಾಕಿದ ಕಾರುಗಳನ್ನು ಗುಟ್ಟಾಗಿ ಗ್ಯಾರೇಜುಗಳಿಗೆ ಕಳುಹಿಸಿ ಪರೀಕ್ಷಿಸುವ ಕ್ರಮವನ್ನೂ ಬೆಳೆಸಿತು. 2001ರಲ್ಲಿ ಆರಂಭವಾದ ಕಾರ್ಯಕ್ರಮವೊಂದರಲ್ಲಿ, ರಿಪೇರಿಯಾಗಿ ಬಂದ ಕಾರುಗಳ ಮೈಯನ್ನು ಮಾಲೀಕರ ಕೋರಿಕೆಯ ಮೇಲೆ ಪುಕ್ಕಟೆಯಾಗಿ ಪರಿಶೀಲಿಸಿದಾಗ, ನೂರಕ್ಕೆ ಸುಮಾರು 40 ಕಾರುಗಳಲ್ಲಿ ಬಿಲ್ಲಿನಲ್ಲಿದ್ದ ಭಾಗವೋ ಕೆಲಸವೋ ಕಾರಿನಲ್ಲಿ ಇರಲಿಲ್ಲ. ಕಾಯಿದೆ ಬಂದು ಮೂವತ್ತು ವರ್ಷಗಳ ಮೇಲೂ ಇಷ್ಟು ಮೋಸ ಉಳಿದಿತ್ತು ಎಂಬುದು ಬೇಸರದ ಸಂಗತಿ. ಆದರೆ ಬಿಲ್ಲು ಕೊಡುವುದು ಕಡ್ಡಾಯವಾಗಿದ್ದುದರಿಂದಲೇ ಅದನ್ನು ಎಣಿಸಲು ಸಾಧ್ಯವಾಯಿತು.

ಕಾಗದವಿಲ್ಲದ ಕಸುಬುದಾರ

ರಸ್ತೆಬದಿಯ ಮೋಸಗಾರ ಈ ವ್ಯವಸ್ಥೆಯಿಂದ ಪೂರ್ತಿ ಹೊರಗೆ ನಿಂತವನು. ಅವನಿಗೆ ಅಂಗಡಿಯಿಲ್ಲ, ನೋಂದಣಿಯಿಲ್ಲ, ಬಿಲ್ಲುಪುಸ್ತಕವಿಲ್ಲ. ಅವನ ವ್ಯಾಪಾರ ನಿಂತಿರುವುದು ಗ್ರಾಹಕನ ಎರಡು ಭಯಗಳ ಮೇಲೆ. ನೋಂದಾಯಿತ ಬಾಡಿ ಷಾಪಿನ, ಅಂದರೆ ಮೈ ರಿಪೇರಿಯ ಗ್ಯಾರೇಜಿನ, ದರ ದೊಡ್ಡದು ಎಂಬುದು ಒಂದು ಭಯ. ವಿಮೆಗೆ ಹೇಳಿದರೆ ಮೊದಲಿನ ಕೆಲವು ನೂರು ಡಾಲರುಗಳನ್ನು, ಅಂದರೆ ಡಿಡಕ್ಟಿಬಲ್ ಎನಿಸಿಕೊಳ್ಳುವ ಮೊತ್ತವನ್ನು, ತಾನೇ ಭರಿಸಬೇಕಾಗುತ್ತದೆ, ಮೇಲಾಗಿ ಮುಂದಿನ ಕಂತೂ ಏರಬಹುದು ಎಂಬುದು ಇನ್ನೊಂದು. ಲೀಸಿಗೆ ಪಡೆದ ಕಾರನ್ನು ಹಿಂದಿರುಗಿಸುವಾಗ ನಗ್ಗಿಗೆ ದಂಡ ತೆರಬೇಕಾದವರಲ್ಲಿಯೂ ಇದೇ ಆತುರವಿರುತ್ತದೆ.

ಮೋಸ ನಡೆಯುವ ಕ್ರಮ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ರೀತಿಯದು. ಮಾಲೀಕ ಅಂಗಡಿಗೆ ಹೋಗುವಾಗಲೋ ಬರುವಾಗಲೋ ಒಬ್ಬಿಬ್ಬರು ಹತ್ತಿರ ಬಂದು, ತಾವು ಬಾಡಿ ಷಾಪಿನಲ್ಲಿ ದುಡಿಯುವವರೆಂದೂ ಬಿಡುವಿನಲ್ಲಿ ಕೈಖರ್ಚಿಗೆ ಈ ಕೆಲಸ ಮಾಡುವವರೆಂದೂ ಹೇಳಿ, ಗ್ಯಾರೇಜಿನ ದರದ ಸಣ್ಣದೊಂದು ಪಾಲನ್ನು ಕೇಳುತ್ತಾರೆ. ಒಪ್ಪಿಗೆ ಸಿಕ್ಕ ತಕ್ಷಣ, ಮನಸ್ಸು ಬದಲಾಗುವ ಮೊದಲೇ, ತಗಡಿಗೆ ಡ್ರಿಲ್ಲಿನಿಂದ ತೂತು ಕೊರೆದು ಸ್ಕ್ರೂ ಹಾಕಿ ನಗ್ಗನ್ನು ಹೊರಗೆಳೆಯುತ್ತಾರೆ. ತೂತು ಬಿದ್ದ ಮೇಲೆ ಬೇಡವೆನ್ನುವ ಧೈರ್ಯ ಮಾಲೀಕನಿಗೆ ಉಳಿಯುವುದಿಲ್ಲ. ಬಳಿಕ ಪುಟ್ಟಿಯನ್ನು ಮೆತ್ತಿ, ಅದರ ಮೇಲೆ ಮೇಣದಂಥ ಪೇಸ್ಟನ್ನು ದಪ್ಪಗೆ ಬಳಿದು, ಇದು ಒಳಗೆ ಗಟ್ಟಿಯಾಗುತ್ತಿದೆ, ನಾಳೆಯವರೆಗೆ ಮುಟ್ಟಬೇಡಿ, ಆಮೇಲೆ ತೊಳೆದರೆ ಹೊಸದರಂತೆ ಬರುತ್ತದೆ ಎಂದು ಹೇಳುತ್ತಾರೆ. ಈ ನಡುವೆ ದರವೂ ಏರಿರುತ್ತದೆ: ಮೊದಲು ಹೇಳಿದ್ದು ಒಂದು ನಗ್ಗಿಗೆ, ಇಲ್ಲಿ ಮೂರಿವೆ, ವಿಶೇಷ ಸಾಮಾನು ಬಳಸಬೇಕಾಯಿತು ಎಂಬ ನೆಪಗಳು ಸಿದ್ಧವಾಗಿಯೇ ಇರುತ್ತವೆ. ಕೈಯಲ್ಲಿ ನಗದಿಲ್ಲವೆಂದರೆ ಎಟಿಎಂವರೆಗೆ ಜೊತೆಯಲ್ಲಿ ಬರುವುದೂ ಉಂಟು. ಮರುದಿನ ಪೇಸ್ಟನ್ನು ತೊಳೆದಾಗ ಕಾಣುವುದು ಒರಟಾದ ಪುಟ್ಟಿ, ಕೆರೆದ ಬಣ್ಣ, ತಗಡಿನ ತೂತುಗಳು. ಮೊದಲಿದ್ದ ನಗ್ಗಿಗಿಂತ ಈಗಿನ ಹಾನಿಯನ್ನು ಸರಿಪಡಿಸುವ ವೆಚ್ಚವೇ ಹೆಚ್ಚು.

ಕಸುಬನ್ನು ತಿಳಿದವರಿಗೆ ಈ ಸುಳ್ಳು ಅಲ್ಲಿಯೇ ಗೊತ್ತಾಗುತ್ತದೆ. ಪಾಲಿಯೆಸ್ಟರ್ ಪುಟ್ಟಿ ಗಟ್ಟಿಯಾಗಲು ಬೇಕಾದದ್ದು ಸುಮಾರು ಇಪ್ಪತ್ತು ನಿಮಿಷ. ಇಡೀ ರಾತ್ರಿ ಕಾಯಬೇಕೆಂಬ ಮಾತು ಹೇಳುವವನು ದೂರ ಹೋಗಲು ಬೇಕಾದ ಕಾಲದ ಲೆಕ್ಕವೇ ಹೊರತು ಪುಟ್ಟಿಯ ಲೆಕ್ಕವಲ್ಲ. ಗಟ್ಟಿಯಾದ ಪುಟ್ಟಿಯನ್ನು ಹಂತಹಂತವಾಗಿ ಉಜ್ಜಿ, ಪ್ರೈಮರ್ ಕೊಟ್ಟು, ಮೂಲ ಬಣ್ಣಕ್ಕೆ ಹೊಂದುವ ಬಣ್ಣವನ್ನು ಬೆರೆಸಿ, ಅದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಹೊಡೆದಾಗ ಮಾತ್ರ ಕೆಲಸ ಮುಗಿಯುತ್ತದೆ, ಮತ್ತು ಇದನ್ನು ಧೂಳು ಹಾರುವ ಬಯಲಿನಲ್ಲಿ ಅರ್ಧ ಗಂಟೆಯಲ್ಲಿ ಯಾರೂ ಮಾಡಲಾರರು. ಕಾರ್ಖಾನೆಯಲ್ಲಿ ತಗಡಿನ ಮೇಲೆ ಕೊಟ್ಟ ತುಕ್ಕುನಿರೋಧಕ ಪದರವನ್ನು ಡ್ರಿಲ್ಲು ಹರಿದುಹಾಕುವುದರಿಂದ, ತೂತಿನ ಹಿಂಬದಿಯಿಂದ ತುಕ್ಕು ಆರಂಭವಾಗುವುದು ಖಚಿತ.

ಸಂಚಾರಿ ರಿಪೇರಿಗಾರರೆಲ್ಲ ಮೋಸಗಾರರೆಂದು ಇದರಿಂದ ತಿಳಿಯಬಾರದು. ಬಣ್ಣ ಒಡೆಯದ ನಗ್ಗನ್ನು ಹಿಂಬದಿಯಿಂದ ಉದ್ದನೆಯ ಸರಳುಗಳಿಂದ ಮೆಲ್ಲಮೆಲ್ಲಗೆ ಒತ್ತಿ ಸರಿಪಡಿಸುವ ಸೂಕ್ಷ್ಮ ವಿದ್ಯೆಯೊಂದು ಬೆಳೆದು ಬಂದಿದೆ. ಅದಕ್ಕೆ ಪುಟ್ಟಿಯೂ ಬೇಡ, ಬಣ್ಣವೂ ಬೇಡ. ಟೆಕ್ಸಾಸ್, ಕೊಲೊರಾಡೋ ಮೊದಲಾದ ರಾಜ್ಯಗಳಲ್ಲಿ ಆಲಿಕಲ್ಲು ಮಳೆ ಬಿದ್ದಾಗ ಸಾವಿರಾರು ಕಾರುಗಳು ಏಕಕಾಲಕ್ಕೆ ನಗ್ಗುವುದರಿಂದ, ಈ ವಿದ್ಯೆ ಬಲ್ಲವರು ಊರಿಂದೂರಿಗೆ ಹೋಗಿ ದುಡಿಯುತ್ತಾರೆ, ಮನೆಯ ಮುಂದೆಯೇ ಬಂದು ಕೆಲಸ ಮಾಡಿಕೊಡುವವರೂ ಇದ್ದಾರೆ. ಪ್ರಾಮಾಣಿಕನನ್ನು ಗುರುತಿಸುವ ಲಕ್ಷಣ ಅವನ ಹೆಸರು, ವಿಳಾಸ, ನೋಂದಣಿ, ಬರೆದುಕೊಟ್ಟ ದರ; ಮುಖ್ಯವಾಗಿ, ಯೋಚಿಸಿ ನಾಳೆ ಹೇಳುತ್ತೇನೆ ಎಂದರೆ ಅವನು ಕಾಯುತ್ತಾನೆ.

ಕಾನೂನು ಇಲ್ಲಿಯೂ ಸುಮ್ಮನಿರಲಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಜಾರಿಗೊಳಿಸಿದ ನಿಯಮದಂತೆ, ವ್ಯಾಪಾರಿಯ ಕಾಯಂ ಅಂಗಡಿಯಾಚೆ ನಡೆದ ಹಲವು ಬಗೆಯ ಮಾರಾಟಗಳನ್ನು ಗ್ರಾಹಕ ಮೂರು ಕೆಲಸದ ದಿನಗಳೊಳಗೆ ರದ್ದುಮಾಡಬಹುದು. ಆದರೆ ಹಣ ಹಿಂದಿರುಗಿಸಬೇಕಾದವನು ಎಲ್ಲಿದ್ದಾನೆಂದೇ ಗೊತ್ತಿಲ್ಲದಾಗ ಈ ಹಕ್ಕು ಬರಿಯ ಕಾಗದದ ಮೇಲೆ ಉಳಿಯುತ್ತದೆ. ಕಳೆದುಕೊಂಡ ಮೊತ್ತ ಕೆಲವೇ ನೂರು ಡಾಲರಾದುದರಿಂದ ಬಹುಮಂದಿ ನಾಚಿಕೆಯಿಂದ ದೂರನ್ನೇ ಕೊಡುವುದಿಲ್ಲ, ಮೋಸಗಾರ ಮುಂದಿನ ಪಾರ್ಕಿಂಗ್ ಬಯಲಿಗೆ ಹೋಗುತ್ತಾನೆ. ಕಾಯಿದೆಯ ಕೈಗೆ ಸುಲಭವಾಗಿ ಸಿಗದ ಜಾಗ ಇದು, ಮತ್ತು ಇಲ್ಲಿ ಗ್ರಾಹಕನ ನಿರಾಕರಣೆಗಿಂತ ಬಲವಾದ ಅಸ್ತ್ರ ಬೇರೆ ಇಲ್ಲ.

ಕನ್ನಡಿಗರಿಗೆ ಇದರ ಸಂಬಂಧ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹೊಸದಾಗಿ ಹೋದವರಿಗೆ ವಿಮೆಯ ಕಂತಿನ ಭಯ ಹೆಚ್ಚು. ಅದರ ಜೊತೆಗೆ ಅವರು ಬಂದಿರುವುದು ರಸ್ತೆಬದಿಯ ರಿಪೇರಿ ಗೌರವದ ಕಸುಬಾಗಿರುವ ನಾಡಿನಿಂದ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಸುತ್ತಲೂ ಶಿವಾಜಿನಗರದ ಗಲ್ಲಿಗಳಲ್ಲಿಯೂ ಟಿಂಕರಿಂಗ್ ಮತ್ತು ಪೇಂಟಿಂಗ್ ಮಾಡುವವರು ಉಸ್ತಾದರ ಕೈಕೆಳಗೆ ಹುಡುಗರಾಗಿದ್ದಾಗಿನಿಂದ ಕಲಿತವರು. 1957ರಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನ ದಪ್ಪ ತಗಡನ್ನು ಬಡಿದು ಬಡಿದು ಮೊದಲಿನಂತೆ ಮಾಡುವುದು, ಬಿಡಿಭಾಗಗಳು ದುರ್ಲಭವೂ ಕೂಲಿ ಅಗ್ಗವೂ ಆಗಿದ್ದ ಕಾಲದಲ್ಲಿ, ಹೊಸ ಭಾಗ ಹಾಕುವುದಕ್ಕಿಂತ ಬುದ್ಧಿವಂತಿಕೆಯಾಗಿತ್ತು. 1983ರ ಕೊನೆಯಲ್ಲಿ ಬಂದ ಮಾರುತಿ 800ರ ತೆಳು ತಗಡು ಆ ಲೆಕ್ಕವನ್ನು ಬದಲಿಸತೊಡಗಿತು. ಇಲ್ಲಿ ರಸ್ತೆಬದಿಯ ಟಿಂಕರ್‌ಗೆ ಮಳಿಗೆ ಚಿಕ್ಕದಿರಬಹುದು, ಆದರೆ ಅವನು ನಾಳೆಯೂ ಅದೇ ಮರದ ಕೆಳಗೆ ಸಿಗುತ್ತಾನೆ, ಮತ್ತು ಅವನ ಬಡಾವಣೆಯೇ ಅವನಿಗೆ ಜಾಮೀನು. ಈ ಅನುಭವದಿಂದ ಹುಟ್ಟಿದ ವಿಶ್ವಾಸವನ್ನು ಪರದೇಶದ ಪಾರ್ಕಿಂಗ್ ಬಯಲಿನ ಅಪರಿಚಿತನಿಗೆ ಕೊಟ್ಟರೆ ಅದು ಸಲ್ಲಬಾರದವನಿಗೆ ಸಂದಂತಾಗುತ್ತದೆ.

ಭಾರತದ ನಗರಗಳಲ್ಲಿಯೂ ಇದರ ಸೋದರ ಸಂಬಂಧಿಯಾದ ಮೋಸವಿದೆ: ಬೈಕಿನಲ್ಲಿ ಪಕ್ಕಕ್ಕೆ ಬಂದವನು ಗಾಲಿ ಅಲುಗುತ್ತಿದೆ, ಎಣ್ಣೆ ಸೋರುತ್ತಿದೆ ಎಂದು ಕೂಗಿ ನಿಲ್ಲಿಸಿ, ಹತ್ತಿರದ ಮೆಕ್ಯಾನಿಕ್ ಎಂದು ತನ್ನವನನ್ನೇ ಕರೆತಂದು, ಇಲ್ಲದ ದೋಷಕ್ಕೆ ಹಣ ಕೀಳುವುದು. ಕ್ಯಾಲಿಫೋರ್ನಿಯಾದ ಇಲಾಖೆಯಂತೆ ಕಾರು ರಿಪೇರಿಗೆಂದೇ ಮೀಸಲಾದ ನಿಯಂತ್ರಣ ವ್ಯವಸ್ಥೆ ಇಲ್ಲಿಲ್ಲದಿದ್ದರೂ, ವಂಚನೆಗೆ ದಂಡ ಸಂಹಿತೆಯ 420ನೆಯ ಕಲಮು ಇತ್ತು, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಇದೆ. ಸೇವೆಯ ನ್ಯೂನತೆಗೆ 1986ರ ಗ್ರಾಹಕ ರಕ್ಷಣಾ ಕಾಯಿದೆ ತೆರೆದ ದಾರಿಯನ್ನು 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆ ಮುಂದುವರಿಸಿದೆ. ಮಾಡಿದ ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನೇ ಈ ಹೊಸ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿರುವುದು ಗಮನಾರ್ಹ. ಕ್ಯಾಲಿಫೋರ್ನಿಯಾ 1971ರಲ್ಲಿ ಕಂಡುಕೊಂಡ ವಿವೇಕ ದೆಹಲಿಯ ಕಾಯಿದೆಯಲ್ಲಿಯೂ ಇದೆ. ನಗದು ಕೊಟ್ಟರೆ ಕಡಿಮೆ ಎಂಬ ಮಾತಿಗೆ ಒಪ್ಪಿ ಬಿಲ್ಲನ್ನು ಬಿಟ್ಟುಕೊಡುವ ಗ್ರಾಹಕ ಆ ವಿವೇಕವನ್ನು ತನ್ನ ಕೈಯಾರೆ ಕಳೆದುಕೊಳ್ಳುತ್ತಾನೆ.

ಒಂದು ಶತಮಾನದ ಈ ಚರಿತ್ರೆಯಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಪುಟ್ಟಿಯಾಗಲಿ ಬಣ್ಣವಾಗಲಿ ತಾವಾಗಿ ಮೋಸದ ಸಾಧನಗಳಲ್ಲ, ಸಣ್ಣ ಮಳಿಗೆಯ ಕಸುಬುದಾರ ದೊಡ್ಡ ಮಳಿಗೆಯವನಿಗಿಂತ ಕಡಿಮೆ ಪ್ರಾಮಾಣಿಕನೂ ಅಲ್ಲ. ಕಾಣದ ಕೆಲಸಕ್ಕೆ ಬರೆಹವಿಲ್ಲದೆ, ವಿಳಾಸವಿಲ್ಲದವನಿಗೆ, ಅವಸರದಲ್ಲಿ ಹಣ ಕೊಟ್ಟಲ್ಲೆಲ್ಲ ಮೋಸ ನಡೆದಿದೆ. ಆದುದರಿಂದ ಕಾರು ನಗ್ಗಿದವರು ನಗ್ಗನ್ನು ಕೆಲವು ದಿನ ಸಹಿಸಿಕೊಂಡಾದರೂ ಎರಡು ಕಡೆ ಅಂದಾಜು ಪಟ್ಟಿ ಬರೆಸಿಕೊಳ್ಳಲಿ, ಬದಲಿಸಿದ ಭಾಗವನ್ನು ಕೇಳಿ ಪಡೆಯಲಿ, ರಸೀದಿಯನ್ನು ಜೋಪಾನವಾಗಿಡಲಿ. ಮೋಸಹೋದವರು ಮೊತ್ತ ಸಣ್ಣದೆಂದು ನಾಚದೆ ದೂರು ಕೊಡಲಿ. ಹಾಗೆ ಕೊಟ್ಟ ದೂರು ಮುಂದಿನ ಗ್ರಾಹಕನನ್ನು ಕಾಯುವುದಲ್ಲದೆ, ಸುತ್ತಿಗೆ ಡಾಲಿ ಹಿಡಿದು ನ್ಯಾಯವಾಗಿ ದುಡಿಯುವ ಕಸುಬುದಾರನ ಹೆಸರನ್ನೂ ಉಳಿಸುತ್ತದೆ.